ಇಲಿಗೆ ಇಳಿದ ಸಕ್ಕರೆ: ಮಧುಮೇಹದ ಪ್ರಾಣಿ ಪ್ರಯೋಗಗಳನ್ನು ಓದುವ ಬಗೆ

ಮಧುಮೇಹದ ಇಲಿ ಪ್ರಬಂಧ ಎನ್ನುವುದು ಈಗ ಬರವಣಿಗೆಯ ಒಂದು ಪ್ರಕಾರವೇ ಆಗಿಬಿಟ್ಟಿದೆ. ಯಕ್ಷಗಾನಕ್ಕೆ ಒಡ್ಡೋಲಗ ಇದ್ದ ಹಾಗೆ ಇದಕ್ಕೂ ಕಟ್ಟುಪಾಡುಗಳಿವೆ. ಮೊದಲ ಪ್ಯಾರಾದಲ್ಲಿ ಜಗತ್ತಿನಲ್ಲಿ ಸಕ್ಕರೆ ಕಾಯಿಲೆ ಹೆಚ್ಚುತ್ತಿದೆ ಎಂಬ ಮಾತು. ಎರಡನೆಯದರಲ್ಲಿ ಈಗಿರುವ ಔಷಧಿಗಳಿಗೆ ಅಡ್ಡ ಪರಿಣಾಮಗಳಿವೆ, ಗಿಡಮೂಲಿಕೆಗಳಿಗೆ ಅಷ್ಟಾಗಿ ಇಲ್ಲ ಎಂಬ ಮಾತು. ಆಮೇಲೆ ಆರಾರು ಗಂಡು ಇಲಿಗಳ ನಾಲ್ಕೈದು ಗುಂಪು, ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕದ ಒಂದು ಚುಚ್ಚುಮದ್ದು, ಮೂರು ನಾಲ್ಕು ವಾರ ಎಲೆಯ ಅಥವಾ ತೊಗಟೆಯ ಸಾರ, ಕೊನೆಗೆ ರಕ್ತ ಪರೀಕ್ಷೆ. ಸಕ್ಕರೆ ಇಳಿದಿದೆ, ಕೊಬ್ಬು ಇಳಿದಿದೆ, ಯಕೃತ್ತಿನ ಕಿಣ್ವಗಳು ಹತೋಟಿಗೆ ಬಂದಿವೆ. ಪರಿಣಾಮ ಗ್ಲಿಬೆನ್‌ಕ್ಲಮೈಡ್ ಮಾತ್ರೆಗೆ ಸಮನಾಗಿದೆ. ಹೆಚ್ಚಿನ ಸಂಶೋಧನೆ ಅಗತ್ಯ ಎಂಬಲ್ಲಿಗೆ ಮಂಗಳ.

ಈ ಲೇಖನ ಆ ಪ್ರಕಾರದ ವಿಮರ್ಶೆ. ಪ್ರಾಣಿ ಪ್ರಯೋಗ ಬೇಡ ಎನ್ನುವುದು ಇದರ ವಾದವಲ್ಲ, ಗಿಡಮೂಲಿಕೆಯಲ್ಲಿ ಸತ್ವವಿಲ್ಲ ಎನ್ನುವುದೂ ಅಲ್ಲ. ಪ್ರಶ್ನೆ ಇಷ್ಟೇ: ಇಲಿಯ ರಕ್ತದಲ್ಲಿ ಒಂದು ಅಂಕಿ ಇಳಿದಾಗ ನಮಗೆ ನಿಜವಾಗಿ ಗೊತ್ತಾದದ್ದು ಏನು?

ಇದು ನಮಗೇಕೆ

ಮಾನ್ಮತ್ ಜಂಕ್ಷನ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಇಲ್ಲಿನ ಡೀರ್ ಪಾರ್ಕ್ ಡ್ರೈವ್‌ನಲ್ಲಿ ಸಣ್ಣ ಸಣ್ಣ ಔಷಧ ಪ್ರಯೋಗಾಲಯಗಳ ಸಾಲೇ ಇದೆ. ಪಕ್ಕದ ಪ್ಲೇನ್ಸ್‌ಬೊರೊದಲ್ಲಿ ಇನ್ಸುಲಿನ್ ಕಂಪನಿ ನೋವೊ ನಾರ್ಡಿಸ್ಕ್‌ನ ಅಮೆರಿಕದ ಮುಖ್ಯ ಕಚೇರಿ. ಕ್ರ್ಯಾನ್‌ಬರಿಯಲ್ಲಿ ಬೆಂಗಳೂರಿನ ಬಯೋಕಾನ್ 2023ರಲ್ಲಿ ಕೊಂಡ ಮಾತ್ರೆ ಕಾರ್ಖಾನೆ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಅನ್ನ ಬರುವುದೇ ಈ ಉದ್ಯಮದಿಂದ. ಅದೇ ಮನೆಗಳ ಅಡುಗೆಮನೆ ಶೆಲ್ಫಿನಲ್ಲಿ ಇಂಡಿಯನ್ ಅಂಗಡಿಯಿಂದ ತಂದ ಮಧುನಾಶಿನಿ ಕ್ಯಾಪ್ಸೂಲ್, ಹಾಗಲಕಾಯಿ ಪುಡಿ, ಊರಿನಿಂದ ಬಂದ ನೇರಳೆ ಬೀಜದ ಚೂರ್ಣವೂ ಇರುತ್ತವೆ. ಊರಿನಲ್ಲಿ ಅಪ್ಪ ಅಮ್ಮ ಹಿತ್ತಲ ಇನ್ಸುಲಿನ್ ಗಿಡದ ಎಲೆಯನ್ನು ಬೆಳಗ್ಗೆ ಜಗಿಯುತ್ತಾರೆ. "ಸಂಶೋಧನೆಯಲ್ಲಿ ಸಾಬೀತಾಗಿದೆಯಂತೆ" ಎಂದು ಫೋನಿನಲ್ಲಿ ಹೇಳುತ್ತಾರೆ. ಆ ಸಂಶೋಧನೆ ಎಂದರೆ ಬಹುಪಾಲು ಮೇಲೆ ಹೇಳಿದ ಆರು ಇಲಿಗಳೇ.

ಎಲೆ ಜಗಿಯುವುದರಿಂದ ದೊಡ್ಡ ನಷ್ಟವೇನೂ ಇಲ್ಲ ಎನ್ನಬಹುದು. ನಷ್ಟ ಬರುವುದು ಎರಡು ದಾರಿಯಲ್ಲಿ. ಎಲೆ ಸಾಕು ಎಂದು ಮೆಟ್‌ಫಾರ್ಮಿನ್ ಬಿಟ್ಟರೆ ಒಂದು; ಇನ್ಸುಲಿನ್ ಅಥವಾ ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆಯ ಜೊತೆಗೆ ವೈದ್ಯರಿಗೆ ಹೇಳದೆ ಇನ್ನೊಂದನ್ನು ಸೇರಿಸಿ ಸಕ್ಕರೆ ಅತಿಯಾಗಿ ಇಳಿದರೆ ಇನ್ನೊಂದು. ಅಮೆರಿಕದಲ್ಲಿ 1994ರ ಪೂರಕ ಆಹಾರ ಕಾಯಿದೆಯ ಪ್ರಕಾರ ಇಂಥ ಬಾಟಲಿಗಳು ಮಾರುಕಟ್ಟೆಗೆ ಬರುವ ಮುನ್ನ ಪರಿಣಾಮವನ್ನು ಎಫ್‌ಡಿಎ ಮುಂದೆ ಸಾಬೀತು ಮಾಡಬೇಕಾಗಿಲ್ಲ. 2013ರಲ್ಲಿ, ಸಾಂಪ್ರದಾಯಿಕ ಭಾರತೀಯ ಮೂಲಿಕೆ ಎಂದು ಮಾರುತ್ತಿದ್ದ ಒಂದು ಮಧುಮೇಹದ ಉತ್ಪನ್ನವನ್ನು ಎಫ್‌ಡಿಎ ಪರೀಕ್ಷಿಸಿದಾಗ ಒಳಗೆ ಸಿಕ್ಕಿದ್ದು ಮೆಟ್‌ಫಾರ್ಮಿನ್! "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಇಲಿಗೆ ಬಂದ ಕಾಯಿಲೆ ಯಾವುದು

ಮೊದಲು ರೋಗಿಯನ್ನು ನೋಡೋಣ. ಸ್ಟ್ರೆಪ್ಟೊಜೊಟೊಸಿನ್ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ದೊರೆತ ವಸ್ತು. ಪಕ್ಕದ ರಟ್ಗರ್ಸ್‌ನಲ್ಲಿ ವಾಕ್ಸ್‌ಮನ್ ಅವರ ಪ್ರಯೋಗಾಲಯ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದೂ ಇದೇ ಕುಲದ ಜೀವಿಯಿಂದ. ಇದು ಪ್ರಾಣಿಗಳಲ್ಲಿ ಮಧುಮೇಹ ತರುತ್ತದೆಂದು 1963ರಲ್ಲಿ ವರದಿಯಾಯಿತು. ಅಣುವಿನ ಒಂದು ತುದಿ ಗ್ಲೂಕೋಸಿನಂತೆ ಇರುತ್ತದೆ, ಇನ್ನೊಂದು ತುದಿ ವಿಷ. ಇಲಿಯ ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ ಗ್ಲೂಕೋಸ್ ಒಳಗೆ ಬಿಡುವ 'ಗ್ಲಟ್2' ಎಂಬ ಬಾಗಿಲು ಯಥೇಚ್ಛವಾಗಿದೆ. ಗ್ಲೂಕೋಸ್ ವೇಷದ ವಿಷ ಆ ಬಾಗಿಲಿನಿಂದ ಒಳಹೊಕ್ಕು ಕೋಶದ ಡಿಎನ್‌ಎಯನ್ನೇ ಹಾಳುಗೆಡವುತ್ತದೆ. ಇನ್ಸುಲಿನ್ ಮಾಡುವ ಕೋಶಗಳು ಸಾಯುತ್ತವೆ, ಎರಡು ಮೂರು ದಿನದಲ್ಲಿ ಸಕ್ಕರೆ ಡೆಸಿಲೀಟರಿಗೆ 250 ಮಿಲಿಗ್ರಾಂ ದಾಟುತ್ತದೆ. ಮನುಷ್ಯರ ಬೀಟಾ ಕೋಶಗಳಲ್ಲಿ ಆ ಬಾಗಿಲು ಕಡಿಮೆ. ಇದೇ ವಸ್ತುವನ್ನು ಮೇದೋಜ್ಜೀರಕ ಗ್ರಂಥಿಯ ಒಂದು ಬಗೆಯ ಕ್ಯಾನ್ಸರಿಗೆ ಔಷಧಿಯಾಗಿ 1982ರಲ್ಲಿ ಎಫ್‌ಡಿಎ ಒಪ್ಪಿತು.

ಈಗ ನಮ್ಮ ಮನೆಗಳಲ್ಲಿ ಇರುವ ಕಾಯಿಲೆಯನ್ನು ನೆನೆಯಿರಿ. ನಲವತ್ತು ಐವತ್ತರ ವಯಸ್ಸು, ಸ್ವಲ್ಪ ಹೊಟ್ಟೆ, ಕುಳಿತ ಕೆಲಸ, ರಕ್ತದಲ್ಲಿ ಇನ್ಸುಲಿನ್ ಇದ್ದೂ ದೇಹ ಅದಕ್ಕೆ ಓಗೊಡದ ಸ್ಥಿತಿ, ವರ್ಷಗಟ್ಟಲೆ ನಿಧಾನವಾಗಿ ಸೋಲುವ ಬೀಟಾ ಕೋಶ. ಇದು ಎರಡನೇ ಬಗೆಯ ಮಧುಮೇಹ. ಒಂದೇ ಚುಚ್ಚುಮದ್ದಿನಿಂದ ಮೂರು ದಿನದಲ್ಲಿ ಬಂದದ್ದಲ್ಲ. ಇಲಿಗೆ ಆದದ್ದು ಹತ್ತಿರ ಹತ್ತಿರ ವಿಷಪ್ರಾಶನ. ಇದನ್ನು ಸರಿಪಡಿಸಲು ಬೇರೆ ಮಾದರಿಗಳು ಬಂದಿವೆ: ಕೊಬ್ಬಿನ ಆಹಾರ ತಿನ್ನಿಸಿ ಆಮೇಲೆ ಕಡಿಮೆ ವಿಷ ಕೊಡುವುದು, ನಿಕೋಟಿನಮೈಡ್ ಜೊತೆಗೆ ಕೊಟ್ಟು ಅರ್ಧ ಕೋಶಗಳನ್ನು ಉಳಿಸುವುದು, ಹುಟ್ಟಿನಿಂದಲೇ ದಪ್ಪಗಾಗಿ ಸಕ್ಕರೆ ಬರುವ ಇಲಿಮರಿಗಳ ವಂಶ. ಒಂದೊಂದೂ ಕಾಯಿಲೆಯ ಒಂದೊಂದು ಮುಖವನ್ನು ತೋರಿಸುತ್ತದೆ. ಪ್ರಬಂಧದ ಶೀರ್ಷಿಕೆಯಲ್ಲಿ ಮಾತ್ರ ಎಲ್ಲವೂ 'ಮಧುಮೇಹ'ವೇ.

ಮಾದರಿಯ ಆಯ್ಕೆ ತೀರ್ಮಾನವನ್ನೇ ಬದಲಿಸುತ್ತದೆ. ಸಾರವನ್ನು ವಿಷ ಕೊಡುವ ಮುಂಚೆಯೇ ಶುರು ಮಾಡಿದರು ಎನ್ನಿ. ಸಾರದಲ್ಲಿರುವ ಉತ್ಕರ್ಷಣ ನಿರೋಧಕಗಳು ವಿಷದ ಕೆಲಸವನ್ನೇ ತಗ್ಗಿಸಬಹುದು. ಆಗ ಸಕ್ಕರೆ ಕಡಿಮೆ ಇರುವುದು ನಿಜ, ಆದರೆ ಗುಣವಾದದ್ದು ಮಧುಮೇಹವಲ್ಲ, ವಿಷ ಸರಿಯಾಗಿ ತಾಗಲಿಲ್ಲ ಅಷ್ಟೇ. ಇನ್ನೊಂದು ಒಳಸುಳಿ ಗ್ಲಿಬೆನ್‌ಕ್ಲಮೈಡ್ ಹೋಲಿಕೆಯಲ್ಲಿದೆ. ಆ ಮಾತ್ರೆ ಕೆಲಸ ಮಾಡುವುದು ಬದುಕಿರುವ ಬೀಟಾ ಕೋಶಗಳನ್ನು ಹಿಂಡಿ ಇನ್ಸುಲಿನ್ ಬಿಡಿಸುವ ಮೂಲಕ. ಕೋಶಗಳೆಲ್ಲ ಸತ್ತಿದ್ದರೆ ಅದು ಕೆಲಸ ಮಾಡಕೂಡದು. ಅದು ಚೆನ್ನಾಗಿ ಕೆಲಸ ಮಾಡಿದೆ ಎಂದು ಪ್ರಬಂಧ ಹೇಳಿದರೆ ಇಲಿಗಳಲ್ಲಿ ಕೋಶ ಸಾಕಷ್ಟು ಉಳಿದಿತ್ತು ಎಂದರ್ಥ. ಹಾಗಿದ್ದರೆ ಕೆಲವು ಇಲಿಗಳು ತಾವಾಗಿಯೇ ಚೇತರಿಸಿಕೊಂಡಿರಲಾರವೇ? ಈ ಪ್ರಶ್ನೆಯನ್ನು ಪ್ರಬಂಧ ತಾನೇ ಕೇಳಿಕೊಳ್ಳುವುದು ಅಪರೂಪ.

ಅಂಕಿಗಳು ಏನು ಹೇಳುತ್ತವೆ

ರಕ್ತಸೂಚಕಗಳ ಚರಿತ್ರೆಯಲ್ಲಿ ನಮ್ಮ ಈ ನ್ಯೂಯಾರ್ಕ್ ಸೀಮೆಯ ಪಾಲು ದೊಡ್ಡದು. ರಕ್ತದಲ್ಲಿರುವ ಅತಿ ಸೂಕ್ಷ್ಮ ಪ್ರಮಾಣದ ಇನ್ಸುಲಿನ್ ಅಳೆಯುವ ವಿಧಾನವನ್ನು ರೋಸಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್ ಬ್ರಾಂಕ್ಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ರೂಪಿಸಿದರು. ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಬಂತು. ಎರಡನೇ ಬಗೆಯ ರೋಗಿಗಳಲ್ಲಿ ಇನ್ಸುಲಿನ್ ಇಲ್ಲವೆಂಬ ನಂಬಿಕೆ ಸುಳ್ಳೆಂದು ತೋರಿಸಿದ್ದು ಆ ಅಳತೆಯೇ. ಇಂದು ನಾವೆಲ್ಲ ಮೂರು ತಿಂಗಳಿಗೊಮ್ಮೆ ಮಾಡಿಸುವ ಎ1ಸಿ ಪರೀಕ್ಷೆಯ ಕಥೆಯೂ ಹೀಗೆಯೇ. ಮ್ಯಾನ್‌ಹಟನ್ನಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಕೀನಿಗ್ ಮತ್ತು ಸೆರಾಮಿ 1975ರಲ್ಲಿ ಮಧುಮೇಹದ ಇಲಿಮರಿಗಳಲ್ಲಿ ಎ1ಸಿ ಏರಿರುವುದನ್ನು ತೋರಿಸಿದರು. ಮರುವರ್ಷ ಆಸ್ಪತ್ರೆಯಲ್ಲಿದ್ದ ಐವರು ರೋಗಿಗಳಲ್ಲಿ ಸಕ್ಕರೆ ಹತೋಟಿಗೆ ಬಂದಂತೆ ಅದೂ ಇಳಿಯುವುದನ್ನು ತೋರಿಸಿದರು. ಪ್ರಾಣಿಯಿಂದ ಮನುಷ್ಯನಿಗೆ ಒಂದೇ ವರ್ಷದಲ್ಲಿ ದಾಟಿದ ಸೇತುವೆ ಅದು. ಆದರೆ ಅವರು ಇಲಿಯ ಅಂಕಿಯನ್ನು ಮನುಷ್ಯನ ಮೇಲೆ ಹೇರಲಿಲ್ಲ. ಮನುಷ್ಯನಲ್ಲಿ ಮತ್ತೆ ಅಳೆದು ನೋಡಿದರು.

ಎ1ಸಿ ಎಂದರೆ ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಸಕ್ಕರೆ. ಮನುಷ್ಯನ ಕೆಂಪುಕಣ ಸುಮಾರು 120 ದಿನ ಬಾಳುತ್ತದೆ, ಆದ್ದರಿಂದ ಅದು ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ. ಇಲಿಯ ಕಣದ ಆಯಸ್ಸು ಸುಮಾರು 60 ದಿನ. ಮೂರು ವಾರದ ಪ್ರಯೋಗದ ಕೊನೆಗೆ ಅಳೆದ ಎ1ಸಿಯಲ್ಲಿ ವಿಷ ಕೊಡುವ ಮೊದಲಿನ ಆರೋಗ್ಯದ ದಿನಗಳೂ ಸೇರಿರುತ್ತವೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ಲೆಕ್ಕವೂ ಅಲ್ಲ.

ಬರಿಯ ರಕ್ತದ ಸಕ್ಕರೆ ಇನ್ನೂ ಚಂಚಲ. ಇಲಿಯನ್ನು ಹಿಡಿದು ಬಾಲಕ್ಕೆ ಚುಚ್ಚಿದರೆ ಹೆದರಿಕೆಗೇ ಸಕ್ಕರೆ ಏರುತ್ತದೆ. ಯಾರು ಹಿಡಿದರು, ಅವರಿಗೆ ಎಷ್ಟು ಪಳಗಿಕೆ, ಯಾವ ಹೊತ್ತು, ಎಷ್ಟು ಗಂಟೆ ಉಪವಾಸ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಮಗೆ ರಾತ್ರಿ ಊಟ ಬಿಟ್ಟರೆ ಉಪವಾಸ. ಇಲಿಮರಿ ಉಣ್ಣುವುದೇ ರಾತ್ರಿ. ರಾತ್ರಿಯಿಡೀ ಅನ್ನ ತಪ್ಪಿಸಿದರೆ ಅದರ ತೂಕದಲ್ಲಿ ಶೇಕಡಾ 15ರಷ್ಟು ಕರಗಬಹುದು. ಅದು ಏಕಾದಶಿಯಲ್ಲ, ಬರಗಾಲ. ಹಾಗೆಯೇ ಕಹಿ ಸಾರ ಕುಡಿದ ಇಲಿಗೆ ಹಸಿವು ಕಟ್ಟಿ ಕಡಿಮೆ ತಿಂದರೂ ಸಕ್ಕರೆ ಇಳಿಯುತ್ತದೆ. ಅಷ್ಟೇ ಆಹಾರ ಕೊಟ್ಟ, ಸಾರ ಕೊಡದ ಇನ್ನೊಂದು ಗುಂಪು ಇಲ್ಲದಿದ್ದರೆ ಇಳಿಸಿದ್ದು ಮೂಲಿಕೆಯೋ ಉಪವಾಸವೋ ಹೇಳುವುದು ಹೇಗೆ?

ಯಕೃತ್ತಿನ ಎಸ್‌ಜಿಪಿಟಿ, ಮೂತ್ರಪಿಂಡದ ಕ್ರಿಯಾಟಿನಿನ್ ವಿಷಯದಲ್ಲೂ ಎಚ್ಚರ ಬೇಕು. ಸ್ಟ್ರೆಪ್ಟೊಜೊಟೊಸಿನ್ ನುಗ್ಗುವ ಬಾಗಿಲು ಈ ಎರಡು ಅಂಗಗಳಲ್ಲೂ ಇದೆ. ವಿಷ ನೇರವಾಗಿ ಅವಕ್ಕೂ ಪೆಟ್ಟು ಕೊಟ್ಟಿರುತ್ತದೆ. ಸಾರ ಕೊಟ್ಟಾಗ ಎಸ್‌ಜಿಪಿಟಿ ಇಳಿದದ್ದು ಮಧುಮೇಹದ ತೊಡಕು ತಗ್ಗಿದ್ದರಿಂದಲೋ, ವಿಷದ ಗಾಯ ಮಾಯ್ದದ್ದರಿಂದಲೋ? ಒಂದು ಅಂಕಿಗೆ ಎರಡು ಅರ್ಥವಿದ್ದಾಗ ತನಗೆ ಬೇಕಾದ ಅರ್ಥವನ್ನೇ ಬರೆದುಬಿಡುವುದು ಈ ಪ್ರಕಾರದ ದೊಡ್ಡ ದೌರ್ಬಲ್ಯ.

ಮೈಸೂರಿನದೊಂದು, ಮಂಗಳೂರಿನದೊಂದು

ಎಲ್ಲ ಪ್ರಬಂಧಗಳೂ ಹೀಗೆ ಎಂದರೆ ಅನ್ಯಾಯ. ಮೈಸೂರಿನ ಸಿಎಫ್‌ಟಿಆರ್‌ಐನಿಂದ 1995ರಲ್ಲಿ ಬಂದ ಅರಿಸಿನದ ಕರ್ಕ್ಯುಮಿನ್ ಕುರಿತ ಪ್ರಬಂಧವನ್ನು ತೆಗೆದುಕೊಳ್ಳಿ. ಮಧುಮೇಹ ಬರಿಸಿದ ಇಲಿಗಳಿಗೆ ಎಂಟು ವಾರ ಕರ್ಕ್ಯುಮಿನ್ ಬೆರೆಸಿದ ಆಹಾರ ಕೊಟ್ಟರು. ಮೂತ್ರದಲ್ಲಿ ಹೋಗುವ ಅಲ್ಬುಮಿನ್, ಯೂರಿಯಾ, ಕ್ರಿಯಾಟಿನಿನ್ ಕಡಿಮೆಯಾದವು. ಅಷ್ಟು ಹೇಳಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಉಪವಾಸದ ಸಕ್ಕರೆ ಬದಲಾಗಲಿಲ್ಲ, ಇಲಿಗಳ ತೂಕವೂ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ ಎಂದು ಸ್ಪಷ್ಟವಾಗಿ ಬರೆದರು. ಇದು ಪ್ರಾಮಾಣಿಕ ಬರವಣಿಗೆ ಮಾತ್ರವಲ್ಲ, ಹೆಚ್ಚು ಉಪಯುಕ್ತವೂ ಹೌದು. ಸಕ್ಕರೆ ಇಳಿಯದೆಯೂ ಮೂತ್ರಪಿಂಡಕ್ಕೆ ಏನೋ ಅನುಕೂಲವಾಗಿರಬಹುದು ಎಂಬ ಸುಳಿವು ಅದರಲ್ಲಿ ಸಿಗುತ್ತದೆ. 'ಅರಿಸಿನ ಸಕ್ಕರೆ ಕಾಯಿಲೆಗೆ ಮದ್ದು' ಎಂದು ಹೇಳುವವರು ಓದಬೇಕಾದದ್ದು ಈ ಸಾಲನ್ನೇ. ಅವರು ಓದುವುದು ಬೇರೆ ಸಾಲನ್ನು.

ಇನ್ನೊಂದು ಇನ್ಸುಲಿನ್ ಗಿಡದ್ದು. ಕರಾವಳಿಯ ಹಿತ್ತಲುಗಳಲ್ಲಿ ಈಗ ಮನೆಮಾತಾದ ಈ ಗಿಡ ನಮ್ಮ ಆಯುರ್ವೇದದ್ದೆಂದು ಹಲವರ ನಂಬಿಕೆ. ಅದರ ಮೂಲ ಬ್ರೆಜಿಲ್. ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ತಂಡ 2010ರಲ್ಲಿ ಇದರ ಎಲೆಯನ್ನು ಇಲಿಗಳ ಮೇಲೆ ಪರೀಕ್ಷಿಸಿತು. ಅವರು ಬೀಟಾ ಕೋಶಗಳನ್ನು ಕೊಲ್ಲಲಿಲ್ಲ. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು ಸಕ್ಕರೆ ಏರಿಸಿದರು. ಕೋಶಗಳು ಬದುಕಿದ್ದದ್ದರಿಂದ ಗ್ಲಿಬೆನ್‌ಕ್ಲಮೈಡ್ ಜೊತೆಗಿನ ಹೋಲಿಕೆ ಇಲ್ಲಿ ನ್ಯಾಯವಾದದ್ದು. ಕಿಲೋ ತೂಕಕ್ಕೆ 250 ಮತ್ತು 500 ಮಿಲಿಗ್ರಾಂ ಪ್ರಮಾಣದಲ್ಲಿ ಉಪವಾಸದ ಸಕ್ಕರೆಯೂ ಗ್ಲೂಕೋಸ್ ಕೊಟ್ಟ ನಂತರದ ಸಕ್ಕರೆಯೂ ಆ ಮಾತ್ರೆಗೆ ಸರಿಸಮವಾಗಿ ಇಳಿದವು.

ಇದರ ಲೆಕ್ಕವನ್ನು ಮನುಷ್ಯನಿಗೆ ಇಳಿಸಿ ನೋಡೋಣ. ಇಲಿಯ ಪ್ರಮಾಣವನ್ನು ದೇಹದ ಮೇಲ್ಮೈಗೆ ತಕ್ಕಂತೆ ಮನುಷ್ಯನಿಗೆ ಬದಲಿಸಲು ಎಫ್‌ಡಿಎ 2005ರಲ್ಲಿ ಕೊಟ್ಟ ಸೂತ್ರದಲ್ಲಿ ಸುಮಾರು 6.2ರಿಂದ ಭಾಗಿಸಬೇಕು. ಮಂಗಳೂರಿನವರು ಕೊಟ್ಟ ಗ್ಲಿಬೆನ್‌ಕ್ಲಮೈಡ್ ಕಿಲೋಗೆ 500 ಮೈಕ್ರೋಗ್ರಾಂ. 60 ಕಿಲೋ ಮನುಷ್ಯನಿಗೆ ಅದು ಸುಮಾರು 4.8 ಮಿಲಿಗ್ರಾಂ ಆಗುತ್ತದೆ, ವೈದ್ಯರು ಬರೆಯುವ 5 ಮಿಲಿಗ್ರಾಂ ಮಾತ್ರೆಗೆ ತೀರ ಹತ್ತಿರ. ಅಂದರೆ ಹೋಲಿಕೆಗೆ ಆರಿಸಿದ ಪ್ರಮಾಣ ಸರಿಯಾಗಿದೆ. ಅದೇ ಸೂತ್ರದಲ್ಲಿ 500 ಮಿಲಿಗ್ರಾಂ ಎಲೆಪುಡಿ ಅದೇ ಮನುಷ್ಯನಿಗೆ ದಿನಕ್ಕೆ 4.8 ಗ್ರಾಂ ಒಣಪುಡಿ, 250 ಎಂದರೆ 2.4 ಗ್ರಾಂ. ಹಸಿ ಎಲೆಯಲ್ಲಿ ಬಹುಪಾಲು ನೀರೇ. ಬೆಳಗ್ಗೆ ಕಿತ್ತು ಜಗಿದ ಒಂದು ಎಲೆಗೂ ಪ್ರಬಂಧದ ಪ್ರಮಾಣಕ್ಕೂ ಸಂಬಂಧ ಹುಡುಕುವುದು ಕಷ್ಟ. ಪ್ರಬಂಧ ತಪ್ಪು ಹೇಳಲಿಲ್ಲ. ಸ್ಟೀರಾಯ್ಡ್ ಕೊಟ್ಟ ಇಲಿಯಲ್ಲಿ ಇಷ್ಟು ಪ್ರಮಾಣಕ್ಕೆ ಹೀಗಾಯಿತು ಎಂದಿತು. ಅದನ್ನು 'ಎಲೆ ಜಗಿದರೆ ಇನ್ಸುಲಿನ್ ಬೇಡ' ಎಂದು ಓದಿಕೊಂಡದ್ದು ನಾವು.

ಹೊನ್ನೆ ಮರದ ಕಥೆ ಇದಕ್ಕಿಂತ ಪಾಠವುಳ್ಳದ್ದು. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವ ರೂಢಿ ನಮ್ಮಲ್ಲಿದೆ. ಆ ಮರದ ತೊಗಟೆಯಲ್ಲಿರುವ ಎಪಿಕೆಟೆಚಿನ್ ಇಲಿಗಳಲ್ಲಿ ಬೀಟಾ ಕೋಶಗಳನ್ನೇ ಮತ್ತೆ ಬೆಳೆಸುತ್ತದೆ ಎಂದು 1981ರಲ್ಲಿ ವಾರಾಣಸಿಯ ತಂಡವೊಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆಯಿತು. ಜಗತ್ತು ಬೆರಗಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಬೇರೆ ಪ್ರಯೋಗಾಲಯಗಳು ಅದನ್ನೇ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದೇ ಸಂತೋಷ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇಲಿಗಳನ್ನು ಬಿಟ್ಟು ನೇರ ರೋಗಿಗಳ ಬಳಿಗೆ ಹೋಯಿತು. 1998ರ ವರದಿಯಲ್ಲಿ ಹೊಸದಾಗಿ ಕಾಯಿಲೆ ಪತ್ತೆಯಾದ 97 ಜನರಲ್ಲಿ 67 ಮಂದಿಗೆ 12 ವಾರದಲ್ಲಿ ಸಕ್ಕರೆ ಹತೋಟಿಗೆ ಬಂತು. ಅದರಲ್ಲಿ ಹೋಲಿಕೆಯ ಗುಂಪು ಇರಲಿಲ್ಲ. ಮುಂದೆ 2005ರಲ್ಲಿ ಟಾಲ್‌ಬ್ಯುಟಮೈಡ್ ಮಾತ್ರೆಯ ಜೊತೆಗೆ, ಯಾರಿಗೆ ಯಾವುದು ಎಂದು ವೈದ್ಯರಿಗೂ ರೋಗಿಗೂ ತಿಳಿಯದಂತೆ ನಡೆಸಿದ ಪ್ರಯೋಗ ಬಂತು. ಮೂಲಿಕೆಯನ್ನು ಗೌರವಿಸುವುದು ಎಂದರೆ ಇದು. ಮಧುನಾಶಿನಿಗೆ ಇಷ್ಟು ಭಾಗ್ಯ ಸಿಗಲಿಲ್ಲ: ಎಲ್ಲರೂ ಉದ್ಧರಿಸುವ 1990ರ ಚೆನ್ನೈ ಅಧ್ಯಯನದಲ್ಲಿ 22 ರೋಗಿಗಳು, ಮಾಮೂಲಿ ಮಾತ್ರೆಯ ಜೊತೆಗೇ ದಿನಕ್ಕೆ 400 ಮಿಲಿಗ್ರಾಂ ಸಾರ, 18ರಿಂದ 20 ತಿಂಗಳು. ಐವರು ಮಾತ್ರೆ ಬಿಡುವಂತಾಯಿತು ಎಂಬುದು ನಿಜ. ಚೀಟಿ ಎತ್ತಿ ಗುಂಪು ಮಾಡಿದ, ಗುಟ್ಟು ಕಾಪಾಡಿದ ಪ್ರಯೋಗ ಅದಾಗಿರಲಿಲ್ಲ ಎಂಬುದೂ ನಿಜ.

ಕಂಪನಿಗಳ ಇಲಿ ಬೇರೆಯಲ್ಲ

ಸೂಟು ಹಾಕಿದ ಔಷಧ ಕಂಪನಿಗಳ ಇಲಿ ಹೆಚ್ಚು ಜಾಣ ಎಂದು ತಿಳಿಯಬಾರದು. ವ್ಯತ್ಯಾಸ ಇಲಿಯಲ್ಲಿಲ್ಲ, ಇಲಿಯ ನಂತರದ ಹಾದಿಯಲ್ಲಿದೆ. ಯಾಲೊ ಅವರ ಅದೇ ಬ್ರಾಂಕ್ಸ್ ಆಸ್ಪತ್ರೆಯಲ್ಲಿ ಜಾನ್ ಎಂಗ್ ಎಂಬುವರು ಗಿಲಾ ಮಾನ್‌ಸ್ಟರ್ ಎಂಬ ಹಲ್ಲಿಯ ವಿಷದಲ್ಲಿ ಎಕ್ಸೆಂಡಿನ್-4 ಕಂಡುಹಿಡಿದರು. ಮಧುಮೇಹದ ಇಲಿಮರಿಗಳಲ್ಲಿ ಅದು ಸಕ್ಕರೆ ಇಳಿಸಿತು. ಆದರೆ ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ, ಸಾವಿರಾರು ಮನುಷ್ಯರ ಮೇಲೆ ಪರೀಕ್ಷಿಸಿದ ಮೇಲೆ. ನಂತರ ಬಂದ ಅದೇ ಕುಲದ ಔಷಧಿಗಳಲ್ಲಿ ಹಲವಕ್ಕೆ ಇಲಿಗಳಲ್ಲಿ ಕಂಡ ಥೈರಾಯ್ಡ್ ಗಡ್ಡೆಯ ಕಾರಣಕ್ಕೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಅಂಟಿದೆ. ಇಲಿಯ ಮಾತನ್ನು ಪೂರ್ತಿ ನಂಬಲೂ ಆಗದು, ತಳ್ಳಿಹಾಕಲೂ ಆಗದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ರಾವೇಯ ಮರ್ಕ್‌ನಲ್ಲಿ ಸಿಟಾಗ್ಲಿಪ್ಟಿನ್ ರೂಪುಗೊಂಡಾಗ ಪ್ರಾಣಿಗಳು ದಾರಿ ತೋರಿಸಿದವು. ಮೊದಲ ಅಣುಗಳು ಇಲಿ, ನಾಯಿಗಳಲ್ಲಿ ಹಾನಿ ಮಾಡಿದವು. ತಂಡ ಅದನ್ನು ಬಚ್ಚಿಡದೆ ಕಾರಣ ಹುಡುಕಿತು: ಬೇಕಾದ ಡಿಪಿಪಿ-4 ಕಿಣ್ವದ ಜೊತೆಗೆ ಅಣು ಅದರ ನೆಂಟರಾದ ಡಿಪಿಪಿ-8, ಡಿಪಿಪಿ-9 ಕಿಣ್ವಗಳನ್ನೂ ತಡೆಯುತ್ತಿತ್ತು. ಗುರಿ ತಪ್ಪದ ಅಣುವನ್ನು ಹುಡುಕಿ ಮಾಡಿದ್ದೇ 2006ರಲ್ಲಿ ಬಂದ ಜಾನುವಿಯಾ. ಇಲ್ಲಿ ಪ್ರಾಣಿ ಪ್ರಯೋಗ ಉತ್ತರವಲ್ಲ, ಒಳ್ಳೆಯ ಪ್ರಶ್ನೆ.

ಇದಕ್ಕೆ ಎದುರಾಗಿ ಮ್ಯುರಾಗ್ಲಿಟಜರ್ ಇದೆ. ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಅಭಿವೃದ್ಧಿಪಡಿಸಿದ ಈ ಮಾತ್ರೆ ರೋಗಿಗಳಲ್ಲಿ ಎ1ಸಿ ಇಳಿಸಿತು, ಟ್ರೈಗ್ಲಿಸರೈಡ್ ಇಳಿಸಿತು, ಒಳ್ಳೆಯ ಕೊಲೆಸ್ಟರಾಲ್ ಏರಿಸಿತು. ರಕ್ತಸೂಚಕಗಳೆಲ್ಲ ಹಬ್ಬದ ಬಟ್ಟೆ ತೊಟ್ಟವು. 2005ರ ಸೆಪ್ಟೆಂಬರಿನಲ್ಲಿ ಎಫ್‌ಡಿಎಯ ಸಲಹಾ ಮಂಡಳಿ ಹೆಚ್ಚಿನ ಮತಗಳಿಂದ ಒಪ್ಪಿತು. ಅಕ್ಟೋಬರಿನಲ್ಲಿ ಹೊರಗಿನ ವೈದ್ಯರು ಅದೇ ಅಂಕಿಅಂಶಗಳನ್ನು ಮತ್ತೆ ಕೂಡಿ ಕಳೆದಾಗ ಹೃದಯಾಘಾತ, ಪಾರ್ಶ್ವವಾಯು, ಸಾವು ಹೆಚ್ಚಿದ್ದು ಕಂಡಿತು. 2006ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. 2008ರಲ್ಲಿ ಅಕಾರ್ಡ್ ಎಂಬ 10,251 ಜನರ ಪ್ರಯೋಗದಲ್ಲೂ, ಎ1ಸಿಯನ್ನು ಆರಕ್ಕಿಂತ ಕೆಳಗೆ ಒತ್ತಿ ಇಳಿಸಲು ಹೋದ ಗುಂಪಿನಲ್ಲಿ ಸಾವು ಹೆಚ್ಚಾಗಿ ಆ ಭಾಗವನ್ನೇ ನಿಲ್ಲಿಸಬೇಕಾಯಿತು. ಮನುಷ್ಯನ ರಕ್ತದಲ್ಲಿ ಅಂಕಿ ಇಳಿದರೂ ಮನುಷ್ಯ ಉಳಿಯುತ್ತಾನೆಂದು ಹೇಳಲಾಗದಿದ್ದರೆ, ಇಲಿಯ ರಕ್ತದ ಅಂಕಿಗೆ ಎಷ್ಟು ಬೆಲೆ ಕಟ್ಟೋಣ?

ಬೆಂಗಳೂರಿನದೂ ಒಂದು ಉದಾಹರಣೆ ಇದೆ. ಚುಚ್ಚುಮದ್ದಿನ ಬದಲು ನುಂಗುವ ಇನ್ಸುಲಿನ್ ಬಯೋಕಾನಿನ ದೊಡ್ಡ ಕನಸು. ಐಎನ್-105 ಎಂಬ ಆ ಮಾತ್ರೆಯ ಮೂರನೇ ಹಂತದ ಪ್ರಯೋಗದ ಫಲ 2011ರಲ್ಲಿ ಹೊರಬಂದಾಗ ಎ1ಸಿ ಗುರಿ ಮುಟ್ಟಿರಲಿಲ್ಲ. ಒಂದು ಮುಖ್ಯ ಕಾರಣ, ಔಷಧಿಯಿಲ್ಲದ ಪೊಳ್ಳು ಮಾತ್ರೆ ನುಂಗಿದವರಲ್ಲೂ ಎ1ಸಿ ನಿರೀಕ್ಷೆಗಿಂತ ಹೆಚ್ಚು ಇಳಿದದ್ದು. ಯಾರೋ ತನ್ನನ್ನು ಗಮನಿಸುತ್ತಿದ್ದಾರೆ ಎಂದು ಗೊತ್ತಾದಾಗ ಮನುಷ್ಯ ಎರಡು ಚಮಚ ಅನ್ನ ಕಡಿಮೆ ಬಡಿಸಿಕೊಳ್ಳುತ್ತಾನೆ, ಸಂಜೆ ಒಂದು ಸುತ್ತು ನಡೆಯುತ್ತಾನೆ. ಇಲಿ ಹಾಗೆ ಮಾಡುವುದಿಲ್ಲ. ಇನ್ಸುಲಿನ್ ಗಿಡದ ಎಲೆ ಜಗಿಯಲು ಶುರು ಮಾಡಿದವರೂ ಅದೇ ವಾರದಿಂದ ಮೈಸೂರು ಪಾಕು ಬಿಟ್ಟಿರುತ್ತಾರೆ. ಸಕ್ಕರೆ ಇಳಿದರೆ ಹೊಗಳಿಕೆ ಮಾತ್ರ ಎಲೆಗೆ.

ಓದುವವರು ಕೇಳಬೇಕಾದದ್ದು

ಹಾಗಾದರೆ ಒಳ್ಳೆಯ ಪ್ರಬಂಧವನ್ನು ಗುರುತಿಸುವುದು ಹೇಗೆ? ಇಲಿಗಳನ್ನು ಗುಂಪು ಮಾಡಿದ್ದು ಚೀಟಿ ಎತ್ತಿಯೋ, ಕೈಗೆ ಸಿಕ್ಕಂತೆಯೋ. ರಕ್ತ ಅಳೆದವರಿಗೆ ಯಾವ ಇಲಿ ಯಾವ ಗುಂಪಿನದೆಂದು ಗೊತ್ತಿತ್ತೋ ಇಲ್ಲವೋ. ಮಧ್ಯದಲ್ಲಿ ಸತ್ತ ಇಲಿಗಳ ಲೆಕ್ಕ ಕೊಟ್ಟಿದ್ದಾರೋ ಇಲ್ಲವೋ ನೋಡಬೇಕು. ಇವನ್ನೆಲ್ಲ ಬರೆಯಲೇಬೇಕೆಂದು 2010ರಲ್ಲಿ ಬ್ರಿಟನ್ನಿನಲ್ಲಿ ರೂಪಿಸಿದ ಅರೈವ್ ನಿಯಮಗಳು ಹೇಳುತ್ತವೆ. ಔಷಧಿ ಶುರುವಾದದ್ದು ಕಾಯಿಲೆ ಬಂದ ಮೇಲೋ ಮುಂಚೆಯೋ, ಪ್ರಾಣಿ ಎಷ್ಟು ತಿಂದಿತು, ಎಷ್ಟು ತೂಗಿತು, ಇನ್ಸುಲಿನ್ ಅಳೆದರೋ ಬರೀ ಸಕ್ಕರೆಯೋ ಎಂಬುದನ್ನೂ ನೋಡಬೇಕು. ಸಾರದ ಪ್ರಮಾಣವನ್ನು 6.2ರಿಂದ ಭಾಗಿಸಿ ನಮ್ಮ ತೂಕದಿಂದ ಗುಣಿಸುವುದು ಹೈಸ್ಕೂಲ್ ಮಕ್ಕಳಿಗೂ ಆಗುವ ಲೆಕ್ಕ. ಸಿಎಫ್‌ಟಿಆರ್‌ಐನವರಂತೆ ಯಾವುದು ಇಳಿಯಲಿಲ್ಲ ಎಂದೂ ಬರೆದಿದ್ದಾರೋ ಎಂಬುದೇ ಕೊನೆಯ ಮತ್ತು ಮುಖ್ಯ ಪರೀಕ್ಷೆ.

ಪ್ರಯೋಗ ಮಾಡುವವರಿಗೂ ಒಂದು ಮಾತು. ಮೂವತ್ತು ಇಲಿಗಳನ್ನು ಬಲಿಕೊಟ್ಟು ಅದೇ ಸಾರದ ಅದೇ ಫಲವನ್ನು ಮತ್ತೊಮ್ಮೆ ಬರೆಯುವುದರಿಂದ ಪದವಿ ಸಿಗಬಹುದು, ಬಡ್ತಿ ಸಿಗಬಹುದು. ರೋಗಿಗೆ ಏನೂ ಸಿಗುವುದಿಲ್ಲ. ಕರ್ನಾಟಕದಲ್ಲಿ ಔಷಧ ವಿಜ್ಞಾನದ ಕಾಲೇಜುಗಳಿಗೆ ಕೊರತೆಯಿಲ್ಲ. ಪ್ರತಿಯೊಂದೂ ಬೇರೆ ಬೇರೆ ಗಿಡವನ್ನು ಆರು ಇಲಿಗಳ ಮೇಲೆ ನೋಡುವ ಬದಲು ಹತ್ತು ಕಾಲೇಜುಗಳು ಕೂಡಿ ಒಂದು ಗಿಡವನ್ನು, ಸತ್ವದ ಪ್ರಮಾಣ ಗೊತ್ತುಮಾಡಿ, ಒಳ್ಳೆಯ ಮಾದರಿಯಲ್ಲಿ ನೋಡಿ, ಅದು ನಿಂತರೆ ಮನುಷ್ಯರವರೆಗೆ ಒಯ್ದರೆ ಹೊನ್ನೆಯ ದಾರಿ ಮುಂದುವರಿದಂತಾಗುತ್ತದೆ. ಫ್ರೆಂಚ್ ಲೈಲಾಕ್ ಎಂಬ ಹೂಗಿಡದ ರಾಸಾಯನಿಕದಿಂದ ಆರಂಭವಾದ ಹುಡುಕಾಟವೇ ಇಂದಿನ ಮೆಟ್‌ಫಾರ್ಮಿನ್. ಅದನ್ನು 1929ರ ಸುಮಾರಿಗೆ ಮೊಲಗಳಲ್ಲಿ ನೋಡಿದ್ದರು. ಪ್ಯಾರಿಸ್ಸಿನ ಜೀನ್ ಸ್ಟರ್ನ್ ಮಧುಮೇಹಿಗಳಲ್ಲಿ ಪರೀಕ್ಷಿಸಿ ಬರೆದದ್ದು 1957ರಲ್ಲಿ. ಅಮೆರಿಕ ಒಪ್ಪಿದ್ದು 1994ರ ಕೊನೆಗೆ. ಗಿಡದಿಂದ ಮಾತ್ರೆಗೆ ದಾರಿ ಇದೆ. ಅದು ಉದ್ದದ ದಾರಿ.

ಮನೆಯ ಮಟ್ಟಿಗೆ ಮಾಡಬೇಕಾದದ್ದು ಸರಳ. ಯಾವ ಪುಡಿ, ಎಲೆ, ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ಹೇಳಿ, ಬಾಟಲಿಯನ್ನೇ ತೋರಿಸಿ. ವೈದ್ಯರು ಹೇಳದೆ ಮಾತ್ರೆ ಬಿಡಬೇಡಿ. ಹಾಗಲಕಾಯಿಯನ್ನು ಗೊಜ್ಜಾಗಿ ಉಣ್ಣಿ, ಮೆಂತ್ಯವನ್ನು ದೋಸೆಗೆ ಹಾಕಿ. ಅವು ಒಳ್ಳೆಯ ಆಹಾರ, ಅಷ್ಟು ಸಾಕು. ಊರಿನಿಂದ ಅಮ್ಮ ಫೋನಿನಲ್ಲಿ "ಸಂಶೋಧನೆಯಲ್ಲಿ ಸಾಬೀತಾಗಿದೆಯಂತೆ" ಎಂದರೆ ಸಿಟ್ಟಾಗದೆ ಒಂದೇ ಪ್ರಶ್ನೆ ಕೇಳಿ: "ಯಾರಲ್ಲಿ ಅಮ್ಮಾ, ಮನುಷ್ಯರಲ್ಲೋ ಇಲಿಗಳಲ್ಲೋ?"